ಹಳೆ ಕ್ಯಾಮರೋದ 350 ಎಂಜಿನ್: ಯಾವ ಅಪ್‌ಗ್ರೇಡ್‌ಗೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ

1976ರ ಶೆವರ್ಲೆ ಕ್ಯಾಮರೋ. ಬಾನೆಟ್ ಕೆಳಗೆ 350 ಕ್ಯೂಬಿಕ್ ಇಂಚಿನ ವಿ8, ನಮ್ಮ ಲೆಕ್ಕದಲ್ಲಿ 5.7 ಲೀಟರ್. ಇಷ್ಟು ದೊಡ್ಡ ಎಂಜಿನ್ನಿಗೆ ಕಂಪನಿಯೇ ಕೊಟ್ಟ ಲೆಕ್ಕ ಎಷ್ಟು ಗೊತ್ತಾ? 165 ಹಾರ್ಸ್‌ಪವರ್. ಸಿಗ್ನಲ್‌ನಲ್ಲಿ ಇವತ್ತಿನ ನಾಲ್ಕು ಸಿಲಿಂಡರಿನ ಕ್ಯಾಮ್ರಿ ಪಕ್ಕದಲ್ಲಿ ಬಂದು ನಿಂತರೆ ಹಿಂದೆ ಬೀಳುವುದು ನಮ್ಮ ಮಸಲ್ ಕಾರೇ.

ಅಮೆರಿಕದಲ್ಲಿರುವ ನಮ್ಮವರು ಗ್ಯಾರೇಜ್ ಇರುವ ಮನೆ ಆದಮೇಲೆ ಇಂಥದ್ದೊಂದು ಕಾರು ತಂದಿಟ್ಟುಕೊಂಡರೆ ಮೊದಲು ಕೇಳುವ ಪ್ರಶ್ನೆ, "ಪವರ್ ಜಾಸ್ತಿ ಮಾಡೋಕೆ ಏನು ಹಾಕಿಸಲಿ?" ಕ್ಯಾಟಲಾಗ್ ತೆರೆದರೆ ಸಾವಿರ ಸಾಮಾನು. ಎಲ್ಲದರ ಮೇಲೂ ಇಷ್ಟು ಎಚ್‌ಪಿ, ಅಷ್ಟು ಎಚ್‌ಪಿ ಎಂದು ಬರೆದಿರುತ್ತದೆ. ಅವನ್ನೆಲ್ಲ ಕೂಡಿದರೆ ನಿಮ್ಮ ಕಾರು ವಿಮಾನ ಆಗಬೇಕು! ಹಾಗೆ ಆಗುವುದಿಲ್ಲ. ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಯಾವುದರ ಜೊತೆ ಮಾಡಬೇಕು ಅನ್ನುವುದರಲ್ಲೇ ಎಲ್ಲಾ ಇದೆ.

ಶಕ್ತಿ ಎಲ್ಲಿ ಹೋಯಿತು ಅಂತ ಮೊದಲು ತಿಳಿದುಕೊಳ್ಳಿ

1970ರ ಕ್ಯಾಮರೋ ಝಡ್28ನಲ್ಲಿ ಇದ್ದದ್ದೂ 350 ಎಂಜಿನ್ನೇ. ಬೋರ್ 4 ಇಂಚು, ಸ್ಟ್ರೋಕ್ 3.48 ಇಂಚು, ಎರಡರಲ್ಲೂ ಅದೇ. ಆದರೆ ಅದಕ್ಕೆ 360 ಹಾರ್ಸ್‌ಪವರ್ ಅಂತ ಬರೆದಿದ್ದರು. ಈ ವ್ಯತ್ಯಾಸದಲ್ಲಿ ಒಂದಷ್ಟು ಬರೀ ಅಳತೆಯ ವ್ಯತ್ಯಾಸ. ಆಗ ಎಂಜಿನ್ನನ್ನು ಸ್ಟ್ಯಾಂಡ್ ಮೇಲೆ ಇಟ್ಟು, ಏರ್ ಕ್ಲೀನರ್ ಇಲ್ಲದೆ, ಕಾರಿನ ಸೈಲೆನ್ಸರ್ ಇಲ್ಲದೆ ಅಳೆಯುತ್ತಿದ್ದರು, ಅದು ಗ್ರಾಸ್ ಲೆಕ್ಕ. 1972ರಿಂದ ಎಲ್ಲವನ್ನೂ ಜೋಡಿಸಿ ಅಳೆಯುವ ನೆಟ್ ಲೆಕ್ಕ ಬಂತು. ಹಾಗಾಗಿ ಎರಡು ಅಂಕಿಗಳನ್ನು ಸುಮ್ನೆ ಪಕ್ಕಪಕ್ಕ ಇಟ್ಟು ಹೊಟ್ಟೆ ಉರಿಸಿಕೊಳ್ಳಬೇಡಿ.

ಉಳಿದದ್ದು ನಿಜವಾದ ನಷ್ಟ. 1970ರದ್ದಕ್ಕೆ ಕಂಪ್ರೆಷನ್ (ಪಿಸ್ಟನ್ ಗಾಳಿ-ಪೆಟ್ರೋಲನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವುದು) 11:1, ನಮ್ಮದಕ್ಕೆ 8.5:1. ಸೀಸ ಕಡಿಮೆ ಇರುವ ಪೆಟ್ರೋಲಿಗೆ ಹೊಂದಲಿ ಅಂತ ಶೆವರ್ಲೆಯ ಮಾತೃಸಂಸ್ಥೆ ಜಿಎಂ 1971ರಿಂದಲೇ ಕಂಪ್ರೆಷನ್ ಇಳಿಸಿತು. ಪೆಟ್ರೋಲ್ ಉರಿಯುವ ಕಂಬಶ್ಚನ್ ಚೇಂಬರ್ ದೊಡ್ಡದಾಯಿತು, ವಾಲ್ವ್ ತೆರೆದು ಮುಚ್ಚಿಸುವ ಕ್ಯಾಮ್ ಸಪ್ಪೆಯಾಯಿತು. 1975ಕ್ಕೆ ಕ್ಯಾಟಲಿಟಿಕ್ ಕನ್ವರ್ಟರ್ ಬಂತು, ಎಂಟು ಸಿಲಿಂಡರಿನ ಹೊಗೆ ಒಂದೇ ಪೈಪಿನಲ್ಲಿ ಹೋಗಬೇಕಾಯಿತು. ಇದು ಒಂದು ರೀತಿಯಲ್ಲಿ ಒಳ್ಳೆಯ ಸುದ್ದಿ ಅಲ್ವಾ? ಬ್ಲಾಕ್‌ನಲ್ಲಿ ಕೊರತೆ ಇಲ್ಲ. ಗಾಳಿ ಒಳಗೆ ಬರುವ, ಹೊರಗೆ ಹೋಗುವ ದಾರಿಯನ್ನು ಕಟ್ಟಿಹಾಕಿದ್ದಾರೆ, ಅಷ್ಟೇ. ಅದನ್ನು ಬಿಡಿಸಬಹುದು.

ನೀವು ಯಾವ ಆರ್‌ಪಿಎಂನಲ್ಲಿ ಓಡಿಸುತ್ತೀರಿ?

ಏನೂ ಕೊಳ್ಳುವ ಮೊದಲು ಇದಕ್ಕೆ ಉತ್ತರ ಬರೆದಿಟ್ಟುಕೊಳ್ಳಿ. ಆರ್‌ಪಿಎಂ ಅಂದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನುವುದು. ಹಾರ್ಸ್‌ಪವರ್ ಅಂದರೆ ಟಾರ್ಕ್ ಅನ್ನು (ಎಂಜಿನ್ನಿನ ತಿರುಗಿಸುವ ಬಲ) ಆರ್‌ಪಿಎಂನಿಂದ ಗುಣಿಸಿ 5252ರಿಂದ ಭಾಗಿಸಿದ್ದು. 350 ಪೌಂಡ್-ಅಡಿ ಟಾರ್ಕ್ 3000 ಆರ್‌ಪಿಎಂನಲ್ಲಿ ಸಿಕ್ಕರೆ ಅದು 200 ಎಚ್‌ಪಿ. ಕ್ಯಾಟಲಾಗಿನಲ್ಲಿ ಹೇಳುವ ದೊಡ್ಡ ಅಂಕಿಗಳೆಲ್ಲ 6000ದ ಆಚೆಗಿನವು. ವಾರಕ್ಕೊಮ್ಮೆ ಊರೊಳಗೆ, ಹೈವೇಯಲ್ಲಿ ಓಡಿಸುವ ಕಾರು ಹೆಚ್ಚು ಹೊತ್ತು ಇರುವುದು 1500ರಿಂದ 4500ರ ನಡುವೆ. ಅಲ್ಲಿ ಪಿಕಪ್ ಬೇಕು. ಮೇಲಿನ ತುದಿಗೆ ಅಂತ ಹಾಕಿದ ಸಾಮಾನು ಬಹಳ ಸಲ ಕೆಳಗಿನ ಪಿಕಪ್ಪನ್ನು ತಿಂದುಹಾಕುತ್ತದೆ. ದುಡ್ಡು ಕೊಟ್ಟು ಕಾರನ್ನು ನಿಧಾನ ಮಾಡಿಕೊಂಡವರು ಕಡಿಮೆ ಇಲ್ಲ. ಇಲ್ಲಿ ನಾನು ಹೇಳುವುದೆಲ್ಲ ಐಡಲ್‌ನಿಂದ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ನೆ ಓಡುವ ವೇಗ) 5500ರವರೆಗೆ ಚೆನ್ನಾಗಿ ಎಳೆಯುವ ರಸ್ತೆ ಕಾರಿಗೆ. ಡ್ರ್ಯಾಗ್ ರೇಸಿಗೆ ಅಂತ ಕಟ್ಟುವವರ ಲೆಕ್ಕವೇ ಬೇರೆ.

ಎಂಜಿನ್ ಗಟ್ಟಿ ಇದೆಯಾ ನೋಡಿ

ಸವೆದ ಎಂಜಿನ್ನಿಗೆ ಹೊಸ ಹೆಡ್ (ಸಿಲಿಂಡರುಗಳ ಮೇಲೆ ಕೂರುವ, ವಾಲ್ವ್ ಇರುವ ಭಾಗ) ಹಾಕಿದರೆ ಪಿಸ್ಟನ್ ರಿಂಗಿನ ಸಂದಿಯಲ್ಲಿ ಇನ್ನೂ ಜಾಸ್ತಿ ಒತ್ತಡ ಸೋರುತ್ತದೆ, ಹೊಗೆ ಇನ್ನೂ ಜಾಸ್ತಿ ಬರುತ್ತದೆ. ಆದ್ದರಿಂದ ಮೊದಲು ಕಂಪ್ರೆಷನ್ ಟೆಸ್ಟ್. ಎಂಜಿನ್ ಬಿಸಿ ಇರಲಿ. ಎಂಟೂ ಪ್ಲಗ್ ಬಿಚ್ಚಿ, ಡಿಸ್ಟ್ರಿಬ್ಯೂಟರಿಗೆ ಬರುವ ಬ್ಯಾಟರಿ ವೈರ್ ತೆಗೆದು, ಕಾರ್ಬೊರೇಟರ್ ಥ್ರಾಟಲ್ ಪೂರ್ತಿ ತೆರೆದಿಟ್ಟು, ಒಂದೊಂದು ಸಿಲಿಂಡರಿಗೂ ಗೇಜ್ ಹಾಕಿ ನಾಲ್ಕೈದು ಸುತ್ತು ಕ್ರ್ಯಾಂಕ್ ಮಾಡಿ. ಎಂಟೂ ಹತ್ತಿರ ಹತ್ತಿರ ಇದ್ದರೆ ಸಂತೋಷ. ಒಂದು ಸಿಲಿಂಡರ್ ತೀರಾ ಕೆಳಗಿದ್ದರೆ ಪ್ಲಗ್ ತೂತಿನಲ್ಲಿ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಅಂಕಿ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಅಕ್ಕಪಕ್ಕದ ಎರಡು ಒಟ್ಟಿಗೆ ಬಿದ್ದಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ.

ಟೈಮಿಂಗ್ ಚೈನನ್ನೂ ನೋಡಬೇಕು. ಆ ಕಾಲದ ಶೆವರ್ಲೆ ಎಂಜಿನ್ನುಗಳಲ್ಲಿ ಸದ್ದು ಕಡಿಮೆ ಇರಲಿ ಅಂತ ಕ್ಯಾಮ್ ಗೇರಿಗೆ ನೈಲಾನ್ ಹಲ್ಲು ಕೊಟ್ಟಿದ್ದರು. ವರ್ಷ ಕಳೆದ ಹಾಗೆ ಅದು ಸಿಡಿದು ಪುಡಿಯಾಗಿ ಆಯಿಲ್ ಪಂಪಿನ ಜಾಲರಿಗೆ ಹೋಗಿ ಕೂರುತ್ತದೆ. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು, ಕ್ರ್ಯಾಂಕನ್ನು ಕೈಯಲ್ಲಿ ಸ್ಪ್ಯಾನರ್ ಹಾಕಿ ಹಿಂದೆ ಮುಂದೆ ತಿರುಗಿಸಿ, ರೋಟರ್ ಅಲುಗುವ ಮೊದಲು ಕ್ರ್ಯಾಂಕ್ ಎಷ್ಟು ಡಿಗ್ರಿ ಸುಮ್ನೆ ತಿರುಗುತ್ತದೆ ನೋಡಿ. ಐದಾರು ಡಿಗ್ರಿಗಿಂತ ಜಾಸ್ತಿ ಇದ್ದರೆ ಚೈನ್ ಸೆಟ್ ಬದಲಾಯಿಸಿ.

ಸಿಲಿಂಡರ್ ಸವೆದು ಎಂಜಿನ್ ಬೋರಿಗೆ ಬಂದಿದೆ ಅಂತ ಗೊತ್ತಾದರೆ ಬಿಡಿ ಸಾಮಾನಿಗೆ ದುಡ್ಡು ಸುರಿಯುವುದನ್ನು ಅಲ್ಲೇ ನಿಲ್ಲಿಸಿ. 1996ರಿಂದ 2000ದವರೆಗಿನ ಜಿಎಂ ಪಿಕಪ್ ಟ್ರಕ್ ಮತ್ತು ವ್ಯಾನುಗಳಲ್ಲಿ ಬಂದ ವೋರ್ಟೆಕ್ 5.7 ಎಂಜಿನ್ ಇದೇ ಕುಟುಂಬದ್ದು. ಒಳ್ಳೆಯ ಹೆಡ್ ಮತ್ತು ರೋಲರ್ ಕ್ಯಾಮ್ ಅದರಲ್ಲೇ ಇವೆ. ಚೆನ್ನಾಗಿ ಓಡುತ್ತಿದ್ದ ಗಾಡಿಯ ಎಂಜಿನ್ ಸಿಕ್ಕರೆ ಹಳೆಯದನ್ನು ಬೋರ್ ಮಾಡಿಸುವುದಕ್ಕಿಂತ ಕಡಿಮೆ ಖರ್ಚಿನಲ್ಲಿ ಕೆಲಸ ಮುಗಿಯಬಹುದು. ಈಗ ಎಲ್ಲರೂ ಹೇಳುವ, ಜಿಎಂನದೇ ಮುಂದಿನ ಪೀಳಿಗೆಯ ಎಲ್‌ಎಸ್ ಎಂಜಿನ್ ನಿಜಕ್ಕೂ ಬಹಳ ಒಳ್ಳೆಯದು, ಆದರೆ ಎಂಜಿನ್ ಅಗ್ಗಕ್ಕೆ ಸಿಕ್ಕಿತು ಅಂತ ಹಿಗ್ಗಬೇಡಿ, ಮೌಂಟ್, ಆಯಿಲ್ ಪ್ಯಾನ್, ಪೆಟ್ರೋಲ್ ಪಂಪ್, ವೈರಿಂಗ್, ಕಂಪ್ಯೂಟರ್, ಎಕ್ಸಾಸ್ಟ್ ಎಲ್ಲಾ ಹೊಸದಾಗಿ ಬೇಕು, ಅವೆಲ್ಲ ಸೇರಿ ಎಂಜಿನ್ನಿನ ಬೆಲೆಯನ್ನು ಸುಲಭವಾಗಿ ದಾಟುತ್ತವೆ.

ಟೈಮಿಂಗ್ ಸರಿಮಾಡಿ, ಇದಕ್ಕೆ ದುಡ್ಡೇ ಬೇಡ

ಟೈಮಿಂಗ್ ಅಂದರೆ ಪಿಸ್ಟನ್ ಮೇಲಿನ ತುದಿ ಮುಟ್ಟುವುದಕ್ಕೆ ಎಷ್ಟು ಡಿಗ್ರಿ ಮೊದಲು ಪ್ಲಗ್ ಕಿಡಿ ಹೊಡೆಯುತ್ತದೆ ಅನ್ನುವುದು. ಒಂದು ಟೈಮಿಂಗ್ ಲೈಟ್ ಇದ್ದರೆ ಸಾಕು. ಇಷ್ಟು ಕಡಿಮೆ ಖರ್ಚಿಗೆ ಇಷ್ಟು ವ್ಯತ್ಯಾಸ ಕೊಡುವ ಕೆಲಸ ಈ ಎಂಜಿನ್ನಿನಲ್ಲಿ ಬೇರೆ ಇಲ್ಲ. ಮೊದಲು ಕ್ರ್ಯಾಂಕ್ ಮುಂದಿರುವ ಬ್ಯಾಲೆನ್ಸರಿನ ಗುರುತು ನಂಬುವಂತಿದೆಯಾ ನೋಡಿ. ಅದರ ಹೊರಗಿನ ಬಳೆ ರಬ್ಬರ್ ಮೇಲೆ ಕೂತಿರುತ್ತದೆ. ರಬ್ಬರ್ ಹಳೆಯದಾದರೆ ಬಳೆ ಜಾರಿ ಗುರುತು ತಪ್ಪಾಗುತ್ತದೆ. ಒಂದನೇ ಸಿಲಿಂಡರಿಗೆ ಪಿಸ್ಟನ್ ಸ್ಟಾಪ್ ಹಾಕಿ ಸರಿಯಾದ ಮೇಲಿನ ತುದಿಯನ್ನು ಗುರುತು ಮಾಡಿಕೊಳ್ಳಿ.

ಆಮೇಲೆ ವ್ಯಾಕ್ಯೂಮ್ ಅಡ್ವಾನ್ಸ್ ಪೈಪ್ ಬಿಚ್ಚಿ ಬಾಯಿ ಮುಚ್ಚಿ, ಐಡಲ್‌ನಲ್ಲಿ ಟೈಮಿಂಗ್ ನೋಡಿ. ಕಂಪನಿ ಇಟ್ಟದ್ದು ಆರೆಂಟು ಡಿಗ್ರಿ ಇರುತ್ತದೆ. ಆರ್‌ಪಿಎಂ ಏರಿದ ಹಾಗೆ ಕಿಡಿಯನ್ನು ಇನ್ನೂ ಮೊದಲೇ ತರುವ ಅಡ್ವಾನ್ಸ್ ಕೂಡ ಏರುವುದು ಬಹಳ ನಿಧಾನ. ಈ ಹಳೆ ಹೆಡ್ಡುಗಳಿಗೆ ಒಟ್ಟು 34ರಿಂದ 36 ಡಿಗ್ರಿ ಬೇಕು, ಅದೂ 3000 ಆರ್‌ಪಿಎಂ ಹೊತ್ತಿಗೆ ಪೂರ್ತಿ ಬಂದಿರಬೇಕು. ಡಿಸ್ಟ್ರಿಬ್ಯೂಟರ್ ಒಳಗಿನ ಎರಡು ಪುಟ್ಟ ಸ್ಪ್ರಿಂಗ್ ಬದಲಾಯಿಸಿದರೆ ಅಡ್ವಾನ್ಸ್ ಬೇಗ ಏರುತ್ತದೆ, ಆ ಕಿಟ್ ಕೆಲವೇ ಡಾಲರ್. ಐಡಲ್‌ನಲ್ಲಿ 12, ಮೇಲೆ 22, ಒಟ್ಟು 34 ಅಂತ ಶುರು ಮಾಡಿ. ದಿಣ್ಣೆ ಏರುವಾಗ ಟಾಪ್ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿ ಕಿವಿಗೊಡಿ. ನಾಕಿಂಗ್ ಕೇಳಿಸಿದರೆ ಎರಡು ಡಿಗ್ರಿ ಹಿಂದಕ್ಕೆ. ವ್ಯಾಕ್ಯೂಮ್ ಪೈಪ್ ಮತ್ತೆ ಹಾಕುವುದನ್ನು ಮರೆಯಬೇಡಿ. ರೇಸ್ ಕಾರಿಗೆ ವ್ಯಾಕ್ಯೂಮ್ ಅಡ್ವಾನ್ಸ್ ಬೇಡ ಅಂತ ಕೇಳಿ ಅದನ್ನು ತೆಗೆಯುವವರಿದ್ದಾರೆ. ರಸ್ತೆ ಕಾರಿನಲ್ಲಿ ಮೈಲೇಜ್ ಮತ್ತು ತಂಪು ಎರಡೂ ಅದರಿಂದಲೇ.

1975ರಿಂದ ಬಂದ ಎಚ್‌ಇಐ ಅನ್ನುವ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್ ನಿಮ್ಮ ಕಾರಿನಲ್ಲಿದ್ದರೆ ದುಬಾರಿ ಇಗ್ನಿಷನ್ ಬಾಕ್ಸ್ ಬೇಕಾಗಿಯೇ ಇಲ್ಲ. ಒಳ್ಳೆಯ ಕ್ಯಾಪ್, ರೋಟರ್, ವೈರ್, ಸಾಧಾರಣ ಪ್ಲಗ್ ಸಾಕು.

ಕಾರ್ಬೊರೇಟರ್ ಎಸೆಯಬೇಡಿ

ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕಂದರೆ ಜಾಸ್ತಿ ದುಡ್ಡು ಹಾಳಾಗುವುದು ಇಲ್ಲೇ. ಎಂಜಿನ್ ಎಷ್ಟು ಗಾಳಿ ಎಳೆಯುತ್ತದೆ ಅನ್ನುವುದಕ್ಕೆ ಸುಲಭ ಲೆಕ್ಕ ಇದೆ. ಕ್ಯೂಬಿಕ್ ಇಂಚನ್ನು ಆರ್‌ಪಿಎಂನಿಂದ ಗುಣಿಸಿ 3456ರಿಂದ ಭಾಗಿಸಿ. 350 ಗುಣಿಸು 6000 ಭಾಗಿಸು 3456, ಅಂದರೆ ಸುಮಾರು 608 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ). ಅದೂ ಸಿಲಿಂಡರ್ ನೂರಕ್ಕೆ ನೂರು ತುಂಬಿದರೆ. ರಸ್ತೆ ಎಂಜಿನ್ ಸಾಮಾನ್ಯವಾಗಿ 85ರ ಹತ್ತಿರ ತುಂಬುತ್ತದೆ, ಆಗ ಬೇಕಾಗುವುದು 516 ಮಾತ್ರ. 600 ಸಿಎಫ್‌ಎಂ ಕಾರ್ಬೊರೇಟರ್ ಧಾರಾಳವಾಗಿ ಸಾಕು. 850ರದ್ದು ಹಾಕುವುದು ಒಂದು ಕೋಣೆಯ ಮನೆಗೆ ಅರಮನೆಯ ಹೆಬ್ಬಾಗಿಲು ಇಟ್ಟ ಹಾಗೆ. ಗಾಳಿಯ ವೇಗ ಬೀಳುತ್ತದೆ, ಪೆಟ್ರೋಲ್ ಸರಿಯಾಗಿ ಬೆರೆಯುವುದಿಲ್ಲ, ಆಕ್ಸಿಲರೇಟರ್ ಒತ್ತಿದ ತಕ್ಷಣ ಎಂಜಿನ್ ಮುಗ್ಗರಿಸುತ್ತದೆ.

"ಹಾಗಾದರೆ ಕಂಪನಿಯೇ ಹಾಕಿದ ಕ್ವಾಡ್ರಾಜೆಟ್ 750 ಸಿಎಫ್‌ಎಂ ಇದೆಯಲ್ಲಾ?" ಅಂತ ಕೇಳಬಹುದು. ಇದೆ. ಆದರೆ ಅದರ ಹಿಂದಿನ ಎರಡು ದೊಡ್ಡ ಬಾಯಿಗಳ ಮೇಲೆ ಒಂದು ಏರ್ ವಾಲ್ವ್ ಇದೆ, ಎಂಜಿನ್ ಎಷ್ಟು ಕೇಳುತ್ತದೋ ಅಷ್ಟೇ ತೆರೆಯುತ್ತದೆ. ಮುಂದಿನ ಎರಡು ಬಾಯಿ ಚಿಕ್ಕವು, ಅದರಿಂದ ನಿಧಾನವಾಗಿ ಓಡಿಸುವಾಗ ಪಿಕಪ್ಪೂ ಚೆನ್ನ, ಪೆಟ್ರೋಲೂ ಉಳಿತಾಯ. ಅದ್ಭುತವಾದ ಕಾರ್ಬೊರೇಟರ್ ಅದು. ಹಾಳಾಗಿದೆ ಅಂತ ಬೈಸಿಕೊಳ್ಳುವುದು ಹೆಚ್ಚಾಗಿ ಗ್ಯಾಸ್ಕೆಟ್ ಒಣಗಿ, ಕೆಳಗಿನ ಪ್ಲಗ್ ಸೋರಿ, ಶಾಫ್ಟ್ ಸವೆದು ಗಾಳಿ ಎಳೆಯುವುದರಿಂದ. ಕ್ವಾಡ್ರಾಜೆಟ್ ಗೊತ್ತಿರುವವರ ಕೈಯಲ್ಲಿ ರಿಪೇರಿ ಮಾಡಿಸಿ. ಏರ್ ಕ್ಲೀನರ್ ಕೂಡ ಮುಂದಿನಿಂದ ತಣ್ಣನೆ ಗಾಳಿ ಎಳೆಯುವ ಮೂತಿ ಇರುವ ಹಳೆಯದೇ ಇರಲಿ. ಸುತ್ತಲೂ ತೆರೆದ ಹೊಳೆಯುವ ಕ್ರೋಮ್ ಫಿಲ್ಟರ್ ಎಂಜಿನ್ ಮೇಲಿನ ಬಿಸಿ ಗಾಳಿಯನ್ನೇ ನುಂಗುತ್ತದೆ. ಸದ್ದು ಚೆನ್ನಾಗಿರುತ್ತದೆ, ನಿಜ.

ಇದೇ ಹೊತ್ತಿಗೆ ಪೆಟ್ರೋಲಿನ ರಬ್ಬರ್ ಪೈಪುಗಳನ್ನೆಲ್ಲ ಬದಲಾಯಿಸಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಹಳೆ ರಬ್ಬರ್ ಬಿರುಕು ಬಿಡುತ್ತದೆ, ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಕಾರು ಸುಟ್ಟುಹೋಗುತ್ತದೆ.

ಎಕ್ಸಾಸ್ಟ್, ಜೊತೆಗೆ ಕಾನೂನು

ಒಂದು ಪೈಪಿನಿಂದ ಎರಡು ಪೈಪಿಗೆ ಹೋಗುವುದು ಈ ಕಾರಿಗೆ ಖಂಡಿತ ಬೇಕು. ಎರಡೂವರೆ ಇಂಚಿನ ಎರಡು ಪೈಪ್, ನಡುವೆ ಎಚ್ ಅಥವಾ ಎಕ್ಸ್ ಆಕಾರದ ಜೋಡಣೆ. ಮೂರು ಇಂಚು ಬೇಡ. ಹೆಡರ್ (ಪ್ರತಿ ಸಿಲಿಂಡರಿನ ಹೊಗೆಗೂ ಬೇರೆ ಬೇರೆ ಟ್ಯೂಬ್ ಇರುವ ಜೋಡಣೆ) ಹಾಕುವುದಾದರೆ 1 5/8 ಇಂಚಿನ ಟ್ಯೂಬ್. ಹೆಡರ್ ಲಾಭ ಕೊಡುತ್ತದೆ, ಆದರೆ ಗ್ಯಾಸ್ಕೆಟ್ ಸೋರುವುದು, ಪ್ಲಗ್ ವೈರ್ ಸುಡುವುದು, ಸ್ಟಾರ್ಟರ್ ಮೋಟಾರ್ ಬಿಸಿಯಾಗುವುದು, ಈ ತಲೆನೋವೂ ಜೊತೆಗೇ ಬರುತ್ತದೆ. ಹೆಡ್ ಬದಲಾಯಿಸದೇ ಬರೀ ಹೆಡರ್ ಹಾಕುವುದಾದರೆ ನನ್ನ ಸಲಹೆ ಬೇಡ ಅಂತಲೇ.

ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತುಹಾಕುವುದು ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ತಪ್ಪು. ನಿಮ್ಮ ರಾಜ್ಯದಲ್ಲಿ ಹಳೆ ಕಾರಿಗೆ ಪರೀಕ್ಷೆ ಇಲ್ಲದಿದ್ದರೂ ತಪ್ಪೇ. ಹಳೆಯದರ ಬದಲು ಈಗಿನ ಸಲೀಸಾಗಿ ಹೊಗೆ ಬಿಡುವ ಕನ್ವರ್ಟರ್ ಪ್ರತಿ ಪೈಪಿಗೂ ಒಂದು ಹಾಕಿಸಿ, ಅದರಿಂದ ಕಳೆದುಹೋಗುವ ಪವರ್ ಬಹಳ ಕಡಿಮೆ. ಉಸಿರಾಡುವ ಗಾಳಿಯ ವಿಷಯ ಇದು, ಹಿಂದಿನ ಸೀಟಿನಲ್ಲಿ ನಮ್ಮ ಮಕ್ಕಳೇ ಕೂತಿರುತ್ತಾರೆ.

ಕ್ಯಾಲಿಫೋರ್ನಿಯಾದವರು ಇನ್ನೊಂದು ಗಮನಿಸಬೇಕು. ಅಲ್ಲಿ 1975 ಮತ್ತು ಅದಕ್ಕೂ ಹಳೆಯ ಪೆಟ್ರೋಲ್ ಕಾರುಗಳಿಗೆ ಸ್ಮಾಗ್ ಚೆಕ್ (ಹೊಗೆ ಪರೀಕ್ಷೆ) ಇಲ್ಲ, 1976ರಿಂದ ಇದೆ. ಒಂದೇ ವರ್ಷದ ವ್ಯತ್ಯಾಸ! 1976ರ ಕಾರಾದರೆ ಹೊಗೆಗೆ ಸಂಬಂಧಪಟ್ಟ ಬದಲಿ ಸಾಮಾನಿಗೆ ಕ್ಯಾಲಿಫೋರ್ನಿಯಾ ಏರ್ ರಿಸೋರ್ಸಸ್ ಬೋರ್ಡಿನ ಅನುಮತಿ ಸಂಖ್ಯೆ ಇರಬೇಕು. ಕಾರನ್ನೇ ಇನ್ನೂ ಕೊಂಡಿಲ್ಲ ಅಂದರೆ ವರ್ಷ ನೋಡಿ ಕೊಳ್ಳಿ.

ಹಿಂದಿನ ಆಕ್ಸಲ್ ಗೇರ್

ಇದು ಎಂಜಿನ್ ಸಾಮಾನು ಅಲ್ಲ. ಆದರೂ ಎಂಜಿನ್ನಿಗೆ ಹಾಕುವ ಬಹಳಷ್ಟು ಸಾಮಾನಿಗಿಂತ ಜಾಸ್ತಿ ಪಿಕಪ್ ಕೊಡುತ್ತದೆ. ಆ ಕಾಲದ ಆಟೋಮ್ಯಾಟಿಕ್ ಕಾರುಗಳಲ್ಲಿ 2.73ರಂಥ ಉದ್ದ ಗೇರ್ ಸಾಮಾನ್ಯ. ಅದನ್ನು 3.42 ಮಾಡಿದರೆ ಚಕ್ರಕ್ಕೆ ಹೋಗುವ ಟಾರ್ಕ್ ಎಲ್ಲಾ ಗೇರಿನಲ್ಲೂ ಶೇ 25 ಏರುತ್ತದೆ. ಬೆಲೆ ತೆರುವುದು ಹೈವೇಯಲ್ಲಿ. 27 ಇಂಚಿನ ಟೈರ್ ಇದ್ದರೆ ಗಂಟೆಗೆ 65 ಮೈಲಿ ವೇಗದಲ್ಲಿ 2.73ಕ್ಕೆ ಸುಮಾರು 2200 ಆರ್‌ಪಿಎಂ, 3.42ಕ್ಕೆ 2750, 3.73ಕ್ಕೆ 3000. ಮೂರು ಗೇರಿನ ಹಳೆ ಟರ್ಬೊ 350 ಟ್ರಾನ್ಸ್‌ಮಿಷನ್ ಇದ್ದರೆ 3.42ಕ್ಕೇ ನಿಲ್ಲಿಸಿ. ಓವರ್‌ಡ್ರೈವ್ ಇರುವ 700ಆರ್4 ಹಾಕಿಸುವ ಮನಸ್ಸಿದ್ದರೆ 3.73 ಧೈರ್ಯವಾಗಿ ಹಾಕಿ. ಅದರ ಟಾಪ್ ಗೇರ್ 0.70, ಹೈವೇಯಲ್ಲಿ ಎಂಜಿನ್ ಮತ್ತೆ 2100ಕ್ಕೆ ಇಳಿಯುತ್ತದೆ. ಆಕ್ಸಲ್ ಗೇರ್ ಕೂರಿಸುವುದು ಮಾತ್ರ ಕೈಪಳಗಿದವರ ಕೆಲಸ. ಹಲ್ಲು ಕೂರುವ ಅಳತೆ ಸ್ವಲ್ಪ ತಪ್ಪಿದರೂ ಗೊಂಯ್ ಅನ್ನುವ ಸದ್ದು ಬಿಡುವುದಿಲ್ಲ.

ಹೆಡ್, ಕ್ಯಾಮ್, ಇನ್‌ಟೇಕ್: ಮೂರನ್ನೂ ಒಟ್ಟಿಗೇ ಆರಿಸಿ

ದೊಡ್ಡ ಶಕ್ತಿ ಇರುವುದು ಇಲ್ಲಿ. ಇನ್‌ಟೇಕ್ ಅಂದರೆ ಕಾರ್ಬೊರೇಟರಿನಿಂದ ಹೆಡ್ಡಿಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡ್. ಮೂರರಲ್ಲಿ ಒಂದೇ ಒಂದಕ್ಕೆ ದುಡ್ಡಿದ್ದರೆ ಹೆಡ್ ತೆಗೆದುಕೊಳ್ಳಿ. ಎಲ್ಲರೂ ಮೊದಲು ಕ್ಯಾಮ್‌ಗೆ ಕೈಹಾಕುತ್ತಾರೆ, ಆ ಗುಡುಗುಡು ಐಡಲ್ ಸದ್ದಿನ ಆಸೆಗೆ. ಉಸಿರು ಕಟ್ಟಿದ ಹೆಡ್ಡಿಗೆ ದೊಡ್ಡ ಕ್ಯಾಮ್ ಹಾಕಿದರೆ ಸದ್ದು ಬರುತ್ತದೆ, ಕಾರು ಓಡುವುದಿಲ್ಲ.

ಕಡಿಮೆ ಖರ್ಚಿಗೆ ವೋರ್ಟೆಕ್ ಹೆಡ್ ಒಳ್ಳೆಯದು. ಎರಕದ ಸಂಖ್ಯೆ 906 ಅಥವಾ 062ರಲ್ಲಿ ಮುಗಿಯುವಂಥವು. ಗಾಳಿ ಚೆನ್ನಾಗಿ ಹೋಗುತ್ತದೆ, ಚೇಂಬರ್ 64 ಸಿಸಿ. ನಮ್ಮ ಹಳೆಯದು 76 ಸಿಸಿ. ಬರೀ ಇದರಿಂದಲೇ ಕಂಪ್ರೆಷನ್ 8.5ರಿಂದ ಸುಮಾರು 9.5ಕ್ಕೆ ಏರುತ್ತದೆ. ಒಂದು ಸೂಕ್ಷ್ಮ ಇದೆ. ಕಂಪನಿ ಹಾಕಿದ್ದು ತೆಳ್ಳಗಿನ ಉಕ್ಕಿನ ಹೆಡ್ ಗ್ಯಾಸ್ಕೆಟ್. ಈಗ ಅಂಗಡಿಯಲ್ಲಿ ಸುಲಭವಾಗಿ ಸಿಗುವ 0.040 ಇಂಚಿನ ದಪ್ಪ ಗ್ಯಾಸ್ಕೆಟ್ ಹಾಕಿದರೆ ಗಳಿಸಿದ್ದರಲ್ಲಿ ಅರ್ಧದಷ್ಟು ಅಲ್ಲೇ ಹೋಗುತ್ತದೆ. ತೆಳ್ಳಗಿನದನ್ನೇ ಹುಡುಕಿ ತನ್ನಿ.

ಹಳೆ ಹೆಡ್ ಕೊಂಡರೆ ಮೊದಲು ಮೆಷಿನ್ ಶಾಪ್‌ನಲ್ಲಿ ಬಿರುಕು ಪರೀಕ್ಷೆ ಮಾಡಿಸಿ, ವಾಲ್ವ್ ಸೀಟುಗಳ ನಡುವೆ ಬಿರುಕು ಬಿಡುವುದು ಇವುಗಳ ಕಾಯಿಲೆ. ಇದಕ್ಕೆ ವೋರ್ಟೆಕ್‌ಗೆ ಅಂತಲೇ ಮಾಡಿದ ಇನ್‌ಟೇಕ್ ಮ್ಯಾನಿಫೋಲ್ಡ್ ಬೇಕು, ಬೋಲ್ಟ್ ತೂತುಗಳೇ ಬೇರೆ. ರಾಕರ್ ಆರ್ಮ್ ಕೂಡ ಬೇರೆ ಥರದ್ದು. ಎಕ್ಸಾಸ್ಟ್ ಬಿಸಿಯನ್ನು ಇನ್‌ಟೇಕ್ ಕೆಳಗೆ ಹಾಯಿಸುವ ದಾರಿ ಈ ಹೆಡ್‌ನಲ್ಲಿ ಇಲ್ಲ, ಹಾಗಾಗಿ ಚೋಕ್ ಎಲೆಕ್ಟ್ರಿಕ್ ಆಗಬೇಕು, ಒಂದಷ್ಟು ಹೊಗೆಯನ್ನು ಮತ್ತೆ ಎಂಜಿನ್ನಿಗೇ ಕಳಿಸುವ ಹಳೆ ಇಜಿಆರ್ ವಾಲ್ವ್ ನೇರವಾಗಿ ಕೂರುವುದಿಲ್ಲ. ಸ್ಮಾಗ್ ಪರೀಕ್ಷೆ ಇರುವ ರಾಜ್ಯದವರು ಇಲ್ಲಿ ಕೈಹಾಕುವ ಮೊದಲೇ ಸ್ಮಾಗ್ ಶಾಪ್‌ಗೆ ಹೋಗಿ ಕೇಳಿ. ದುಡ್ಡು ಇದ್ದವರು ಹೊಸ ಅಲ್ಯೂಮಿನಿಯಂ ಹೆಡ್ ತೆಗೆದುಕೊಳ್ಳಬಹುದು, ಇನ್‌ಟೇಕ್ ಪೋರ್ಟ್ 180 ಸಿಸಿ ಆಸುಪಾಸಿನದು ಸಾಕು. 220ರದ್ದು ದೊಡ್ಡ ಎಂಜಿನ್ನಿನವರಿಗೆ ಬಿಡಿ.

ಇನ್‌ಟೇಕ್ ಡ್ಯುಯಲ್ ಪ್ಲೇನ್ (ಒಳಗೆ ಎರಡು ಅಂತಸ್ತಿನ ದಾರಿ ಇರುವುದು) ಇರಲಿ, ಕ್ವಾಡ್ರಾಜೆಟ್ ಕೂರುವಂಥದ್ದು. ಕ್ಯಾಮ್ ವಿಷಯದಲ್ಲಿ ಕೈ ಬಿಗಿಹಿಡಿಯಿರಿ. 0.050 ಇಂಚಿನ ಲಿಫ್ಟ್‌ನಲ್ಲಿ ಅಳೆದ ಡ್ಯುರೇಷನ್ (ವಾಲ್ವ್ ತೆರೆದಿರುವ ಅವಧಿ) 210ರಿಂದ 220 ಡಿಗ್ರಿ, ವಾಲ್ವ್ ಎತ್ತುವ ಉಬ್ಬುಗಳಾದ ಲೋಬ್‌ಗಳ ನಡುವೆ 112 ಡಿಗ್ರಿ. ಇದರಲ್ಲಿ ಬ್ರೇಕ್ ಬೂಸ್ಟರಿಗೆ ಬೇಕಾದ ವ್ಯಾಕ್ಯೂಮ್ ಉಳಿಯುತ್ತದೆ, ಎಸಿ ಹಾಕಿಕೊಂಡು ಟ್ರಾಫಿಕ್‌ನಲ್ಲಿ ನಿಂತರೂ ಎಂಜಿನ್ ಬಂದ್ ಆಗುವುದಿಲ್ಲ. 230 ದಾಟಿದರೆ ಟಾರ್ಕ್ ಕನ್ವರ್ಟರ್, ಆಕ್ಸಲ್ ಗೇರ್ ಎರಡನ್ನೂ ಬದಲಾಯಿಸಬೇಕು, ಬ್ರೇಕ್ ಪೆಡಲ್ ಗಟ್ಟಿಯಾಗುತ್ತದೆ. ಹಳೆ ವೋರ್ಟೆಕ್ ಹೆಡ್ ಬದಲಾವಣೆ ಇಲ್ಲದೆ ತಡೆದುಕೊಳ್ಳುವ ವಾಲ್ವ್ ಲಿಫ್ಟ್ ಸುಮಾರು 0.460 ಇಂಚು. ಅದಕ್ಕಿಂತ ಮೇಲೆ ಹೋದರೆ ಸ್ಪ್ರಿಂಗ್ ರಿಟೇನರ್ ಸೀಲಿಗೆ ಬಡಿಯುತ್ತದೆ. ಯಾವ ಕ್ಯಾಮ್ ಅಂತ ನಿರ್ಧಾರ ಆಗದಿದ್ದರೆ ಕ್ಯಾಮ್ ಕಂಪನಿಗೆ ಫೋನ್ ಮಾಡಿ ಕಾರಿನ ತೂಕ, ಗೇರ್, ಟೈರ್, ಕಂಪ್ರೆಷನ್ ಎಲ್ಲಾ ನಿಜ ಹೇಳಿ. ಎರಡರ ನಡುವೆ ಅನುಮಾನ ಇದ್ದರೆ ಚಿಕ್ಕದೇ ಇರಲಿ.

ಈ ಮೂರು, ಜೊತೆಗೆ ಹೆಡರ್ ಮತ್ತು ಎರಡು ಪೈಪ್. ಇಷ್ಟಾದರೆ ಎಂಜಿನ್ ಡೈನೋ (ಶಕ್ತಿ ಅಳೆಯುವ ಯಂತ್ರ) ಮೇಲೆ 300 ಎಚ್‌ಪಿ ದಾಟುವುದು ಸಾಮಾನ್ಯ. ಕೆಳಗಿನ ಪಿಕಪ್ ಕೂಡ ಕಳೆದುಕೊಂಡಿರುವುದಿಲ್ಲ.

ಬೇಡವೇ ಬೇಡ ಅನ್ನುವಂಥವು

ಕಾರ್ಬೊರೇಟರ್ ಕೆಳಗೆ ಗಾಳಿ ಸುತ್ತಿಸುವ ತಗಡು, ನಾಲ್ಕು ತುದಿಯ ಪ್ಲಗ್, ಪೆಟ್ರೋಲಿಗೆ ಬೆರೆಸುವ ಬಾಟಲಿ ಔಷಧಿ, ರೇಸಿನವರ ಸಿಂಗಲ್ ಪ್ಲೇನ್ ಇನ್‌ಟೇಕ್. ನೈಟ್ರಸ್ ಅಂತೂ ಸವೆದ ಎಂಜಿನ್ನಿಗೆ ಯೋಚನೆಯನ್ನೂ ಮಾಡಬೇಡಿ. ಆ ದುಡ್ಡಿಗೆ ಒಳ್ಳೆಯ ಟೈರ್, ಹೊಸ ಬ್ರೇಕ್, ಸ್ವಚ್ಛವಾದ ರೇಡಿಯೇಟರ್ ಬರುತ್ತದೆ. 300 ಎಚ್‌ಪಿಯ ಕಾರನ್ನು ಐವತ್ತು ವರ್ಷದ ಹಿಂದಿನ ಬ್ರೇಕ್ ಹೋಸ್‌ನಲ್ಲಿ ನಿಲ್ಲಿಸುವ ಸಾಹಸ ಯಾಕೆ?

ಜೋಡಿಸಿದ ಮೇಲೆ

ಹಳೆ ಬ್ಲಾಕ್‌ಗೆ ರೋಲರ್ ಇಲ್ಲದ ಸಾಮಾನ್ಯ ಫ್ಲಾಟ್ ಟ್ಯಾಪೆಟ್ ಕ್ಯಾಮ್ ಹಾಕಿದ್ದರೆ ಮೊದಲ ಇಪ್ಪತ್ತು ನಿಮಿಷ ಬಹಳ ಮುಖ್ಯ. ಕ್ಯಾಮ್ ಮತ್ತು ಲಿಫ್ಟರಿಗೆ ಅಸೆಂಬ್ಲಿ ಲ್ಯೂಬ್ ಹಚ್ಚಿರಬೇಕು, ಝಿಂಕ್ ಇರುವ ಬ್ರೇಕ್-ಇನ್ ಆಯಿಲ್ ಹಾಕಿರಬೇಕು, ಆಯಿಲ್ ಪಂಪನ್ನು ಡ್ರಿಲ್‌ನಿಂದ ತಿರುಗಿಸಿ ಮೇಲಿನವರೆಗೆ ಆಯಿಲ್ ತಂದಿರಬೇಕು. ಸ್ಟಾರ್ಟ್ ಆದ ತಕ್ಷಣ 2000 ಆರ್‌ಪಿಎಂಗೆ ಏರಿಸಿ, ಐಡಲ್ ಮಾಡಲೇಬೇಡಿ, 2000 ಮತ್ತು 2500ರ ನಡುವೆ ಏರಿಳಿಸುತ್ತಾ ಇಪ್ಪತ್ತು ನಿಮಿಷ ಓಡಿಸಿ. ಹಾಗಾಗಿ ಸ್ಟಾರ್ಟ್ ಮಾಡುವ ಮೊದಲೇ ಟೈಮಿಂಗ್ ಹತ್ತಿರ ಇಟ್ಟಿರಬೇಕು, ಕಾರ್ಬೊರೇಟರ್ ತುಂಬಿರಬೇಕು, ರೇಡಿಯೇಟರಿನಲ್ಲಿ ನೀರಿರಬೇಕು. ಇದರಲ್ಲಿ ತಪ್ಪಿದರೆ ಲೋಬ್ ಸವೆದು ಕಬ್ಬಿಣದ ಪುಡಿ ಬೇರಿಂಗಿಗೆಲ್ಲ ಹರಡುತ್ತದೆ. ಆಮೇಲೆ ಆಯಿಲ್ ಮತ್ತು ಫಿಲ್ಟರ್ ಬದಲಾಯಿಸಿ, ಹಳೆ ಫಿಲ್ಟರನ್ನು ಕತ್ತರಿಸಿ ಒಳಗೆ ಲೋಹದ ಹೊಳಪು ಇದೆಯಾ ನೋಡಿ. ಮುಂದೆಯೂ ಝಿಂಕ್ ಜಾಸ್ತಿ ಇರುವ ಆಯಿಲ್ಲೇ ಬಳಸಿ.

ಎಕ್ಸಾಸ್ಟ್‌ನಲ್ಲಿ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಕೂರಿಸಿ ಕಾರ್ಬೊರೇಟರ್ ಜೆಟ್ ಸರಿಮಾಡಿಸಿ. ಪೂರ್ತಿ ಆಕ್ಸಿಲರೇಟರಿನಲ್ಲಿ ಗಾಳಿ-ಪೆಟ್ರೋಲ್ ಅನುಪಾತ 12.5ರಿಂದ 13 ಇರಲಿ. ಡೈನೋಗೆ ಹೋಗುವುದಾದರೆ ಕೆಲಸಕ್ಕೆ ಮೊದಲು ಒಮ್ಮೆ, ಆದಮೇಲೆ ಒಮ್ಮೆ, ಎರಡು ಸಲವೂ ಒಂದೇ ಡೈನೋದಲ್ಲಿ ಅಳೆಸಿ. ಚಕ್ರದಲ್ಲಿ ಅಳೆದದ್ದು ಎಂಜಿನ್ ಲೆಕ್ಕಕ್ಕಿಂತ ಶೇ 15ರಿಂದ 20 ಕಡಿಮೆ ಬರುತ್ತದೆ, ಆಟೋಮ್ಯಾಟಿಕ್ ಕಾರಿಗೆ ಅದು ಸಹಜ. ಕೆಲವು ನೂರು ಮೈಲಿ ಆದಮೇಲೆ ಹೆಡರ್ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ, ಎಂಟೂ ಪ್ಲಗ್ ತೆಗೆದು ಬಣ್ಣ ನೋಡಿ. ತಿಳಿ ಕಂದು ಇದ್ದರೆ ಸರಿ. ಬೆಳ್ಳಗೆ ಸುಣ್ಣದ ಹಾಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಕಪ್ಪು ಮಸಿ ಇದ್ದರೆ ಜಾಸ್ತಿಯಾಗಿದೆ. ಜೆಟ್ ಒಂದು ಅಳತೆ ಬದಲಾಯಿಸಿ ಮತ್ತೆ ಓಡಿಸಿ ನೋಡಿ.